ಕುರ್ಚಿ ಕುಡಿದ ಬಾಟಲಿ

ಬೇಸಿಗೆ ಮುಗಿದೂ ಮುಗಿಯದೆ, ಮಳೆ ಬಂದೂ ಬಾರದೆ, ಸೆಕೆಯೊಂದೇ ಊರಿನ ಮೇಲೆ ಕಾಲು ಚಾಚಿ ಕೂತಿದ್ದ ದಿನಗಳು. ಅವತ್ತು ಮಂಗಳವಾರ. ಹಾಲಿನವನು ಬಂದು ಹೋದ ಹೊತ್ತು. ಪಾಲಿಶಣ್ಣ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ ಬೀದಿಯಲ್ಲಿ ಮೈಕು ಕಟ್ಟಿಕೊಂಡ ಗಾಡಿಯೊಂದು ಕೂಗುತ್ತಾ ಹೋಯಿತು: "ಮದ್ಯದಂಗಡಿ ಮುಚ್ಚಿಸಿದ್ದೇವೆ. ಇಂದಿನಿಂದ ಈ ಊರಲ್ಲಿ ಸ್ಪಿರಿಟ್ಟು ಕೂಡ ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ, ಮನೆಯಲ್ಲಿ ಇಡುವ ಹಾಗಿಲ್ಲ. ಸಿಕ್ಕಿಬಿದ್ದರೆ ಜೈಲು!"

ಪಾಲಿಶಣ್ಣ ಬಾಯಿ ಮುಕ್ಕಳಿಸಿ ಒಳಗೆ ಓಡಿ ಬರುವಷ್ಟರಲ್ಲಿ ಹೆಂಡತಿ ಸ್ಪಿರಿಟ್ಟಿನ ಡಬ್ಬಿಯನ್ನು ಬಚ್ಚಲಿಗೆ ಬಗ್ಗಿಸಿ, ಮೇಲೆ ಎರಡು ಕೊಡ ನೀರೂ ಸುರಿದಾಗಿತ್ತು.

"ಅಯ್ಯೋ, ಏನೇ ಮಾಡ್ದೆ!"

"ಏನ್ ಮಾಡ್ದೆ? ನಿಮ್ಮನ್ನ ಜೈಲಿಂದ ಉಳಿಸ್ದೆ."

"ಕುರ್ಚಿ ಇನ್ನೂ ಬರೀ ಮರ ಕಣೇ. ಸಂಜೆ ಸಭೆಗೆ ಕೊಡ್ಬೇಕು ಅದನ್ನ."

"ಕುರ್ಚಿ ಬೆತ್ತಲೆ ನಿಂತ್ರೆ ಪೊಲೀಸರು ಹಿಡ್ಕೊಂಡು ಹೋಗಲ್ಲ. ಹೋಗೋದು ನಿಮ್ಮನ್ನ."

ಪಾಲಿಶಣ್ಣ ಖಾಲಿ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದ. ಮರದ ಸಾಮಾನಿಗೆ ಪಾಲಿಶ್ ಹಾಕುವುದು ಅವನ ಕಸುಬು. ಅವನಪ್ಪನೂ ಅದನ್ನೇ ಮಾಡಿದವನು, ಅದೇ ಮೂಲೆಯಂಗಡಿಯಲ್ಲಿ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹತ್ತಿಯ ಉಂಡೆಯಲ್ಲಿ ಅದ್ದಿಕೊಂಡು, ಮರ ಕನ್ನಡಿಯಾಗುವ ತನಕ ಉಜ್ಜಬೇಕು. ಸ್ಪಿರಿಟ್ಟಿಲ್ಲದಿದ್ದರೆ ಅರಗು ಬರೀ ಕಲ್ಲು. ಜನ್ಮದಲ್ಲಿ ಒಂದು ತೊಟ್ಟನ್ನೂ ಅವನು ನಾಲಿಗೆಗೆ ಸೋಕಿಸಿದವನಲ್ಲ. ಆದರೆ ಅಂಗಿ, ಕೂದಲು, ತಲೆದಿಂಬು ಎಲ್ಲದಕ್ಕೂ ಅದೇ ವಾಸನೆ ಹಿಡಿದು ಎಷ್ಟೋ ವರ್ಷವಾಗಿತ್ತು.

ಆ ಮೂಲೆಯಂಗಡಿ ಒಬ್ಬ ಅಮ್ಮಾವ್ರಿಗೆ ಸೇರಿದ್ದು. ಊರಿನ ಮದ್ಯದಂಗಡಿಗೆ ಬೀಗ ಹಾಕಿಸಿದ್ದೂ ಅವರೇ. ಅಮ್ಮಾವ್ರು ಎದುರು ಬಂದರೆ ಗಟ್ಟಿಗರು ಕೂಡ ಬೀದಿ ದಾಟಿ ಆ ಕಡೆ ನಡೆಯುತ್ತಿದ್ದರು. ಸಂಜೆ ಐದಕ್ಕೆ ದೊಡ್ಡ ಅಧಿಕಾರಿಯೊಬ್ಬರು ಬಂದು ಪಾನವಿರೋಧಿ ಸಮಿತಿಗೆ ಅಧ್ಯಕ್ಷರನ್ನು ಆರಿಸುವುದಿತ್ತು. ಆರಿಸುವುದು ಬಾಯಿಮಾತಿಗೆ, ಅಧ್ಯಕ್ಷೆ ಯಾರೆಂದು ಅಮ್ಮಾವ್ರು ಆಗಲೇ ತೀರ್ಮಾನ ಮಾಡಿಕೊಂಡು, ಕೂರುವುದಕ್ಕೆಂದು ತಮ್ಮ ಮನೆಯ ದೊಡ್ಡ ಕುರ್ಚಿಯನ್ನು ಪಾಲಿಶಿಗೆ ಕಳಿಸಿದ್ದರು. ಪಾಲಿಶಣ್ಣ ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದ. ಅದು ಪುಕ್ಕ ಕಿತ್ತ ಕೋಳಿಯ ಹಾಗೆ ಅಂಗಡಿಯ ನಡುವೆ ನಿಂತಿತ್ತು.

ಬಾಗಿಲು ತೆಗೆದು ಇನ್ನೂ ಕಸ ಗುಡಿಸಿರಲಿಲ್ಲ, ಅಮ್ಮಾವ್ರು ಬಂದೇಬಿಟ್ಟರು.

"ಏನಯ್ಯಾ ಇದು? ಇವತ್ತು ಸಂಜೆ ನಾನು ಇದರ ಮೇಲೆ ಕೂರ್ಬೇಕು, ಗೊತ್ತು ತಾನೇ?"

"ಆಗುತ್ತೆ ಅಮ್ಮಾವ್ರೇ... ಒಂದೇ ಒಂದು ತೊಂದ್ರೆ... ಸ್ಪಿರಿ..."

"ಏನಂದೆ?"

ಪಾಲಿಶಣ್ಣ ಅಂಗಿಯ ತುದಿಯಿಂದ ಕತ್ತು ಒರೆಸಿಕೊಂಡ. "ಏನಿಲ್ಲ. ಸೆಕೆ ಅಂದೆ."

"ಐದಕ್ಕೆ ಕುರ್ಚಿ ಸಭೆಯಲ್ಲಿರ್ಬೇಕು. ಇಲ್ದಿದ್ರೆ ಆರಕ್ಕೆ ನಿನ್ನ ಸಾಮಾನು ಬೀದೀಲಿರುತ್ತೆ. ಈ ಅಂಗಡಿಗೆ ಕಾದು ನಿಂತೋರು ಬೇಕಾದಷ್ಟು ಜನ ಇದಾರೆ."

ಅವರು ಹೋದ ಮೇಲೆ ಅವನು ಗೋಡೆ ಹಿಡಿದು ಕೂತ. ಅಪ್ಪನ ಬೆನ್ನು ಒರಗಿ ಒರಗಿ ನುಣುಪಾದ ಗೋಡೆ ಅದು. ಬೆಳಕು ಬೀಳುವ ಕಿಟಕಿ, ಕೈಗೆ ಸಿಗುವ ಗೂಟ, ಎಲ್ಲ ಅಲ್ಲೇ. ಬೇರೆ ಕಡೆ ಹೋಗಿ ಬದುಕುವುದು ಹೇಗೆಂದು ಅವನು ಒಂದು ದಿನವೂ ಯೋಚಿಸಿದವನಲ್ಲ. ಔಷಧಿ ಅಂಗಡಿಗೆ ಓಡಿದ. ಅಲ್ಲಿಯವನು 'ಸ್ಪಿರಿಟ್ಟು' ಎಂಬ ಮಾತು ಕೇಳುತ್ತಲೇ ಹಾವು ಕಂಡವನಂತೆ ಎರಡು ಹೆಜ್ಜೆ ಹಿಂದೆ ಸರಿದು, "ಅಣ್ಣಾ, ಮಕ್ಕಳೊಂದಿಗ ನಾನು, ಹೋಗು," ಎಂದು ಕೈಮುಗಿದ.

ವಾಪಸು ಬರುತ್ತಿದ್ದಾಗ ಪಕ್ಕದಂಗಡಿಯ ಕ್ಷೌರಿಕ ಹಿಡಿದ. ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಬೆಂದರೂ ಮುಚ್ಚಳ ತೆಗೆದು ನೋಡುವ ಮನುಷ್ಯ ಅವನು.

"ಯಾಕೋ ಪಾಲಿಶಣ್ಣ, ಮುಖ ಮಳೇಲಿ ನೆಂದ ಹಲಗೆ ಆಗಿದೆ?"

ಪಾಲಿಶಣ್ಣ ಕಷ್ಟ ಹೇಳಿಕೊಂಡ. ಕ್ಷೌರಿಕ ಬಾಗಿಲನ್ನು ಅರ್ಧ ಎಳೆದು, ಕನ್ನಡಿಯ ಹಿಂದೆ ಕೈಹಾಕಿ ಒಂದು ಬಾಟಲಿ ತೆಗೆದ.

"ಗಿರಾಕಿಗಳ ಗಲ್ಲಕ್ಕೆ ಸವರೋಕೆ ಇಟ್ಟಿದ್ದು. ತಪ್ಪು ತಿಳ್ಕೋಬೇಡ. ಒಳ್ಳೇ ಮಾಲು. ಮೇಷ್ಟ್ರ ಮನೇದು."

"ಯಾವ ಮೇಷ್ಟ್ರು?"

"ಊರಿಗೆಲ್ಲ ಒಬ್ಬರೇ ಅಲ್ವೇನೋ ಮೇಷ್ಟ್ರು? ಮೊನ್ನೆ ಕುಡಿತದ ಕೇಡಿನ ಬಗ್ಗೆ ಎರಡು ಗಂಟೆ ಮಾತಾಡಿದ್ರಲ್ಲ, ಅವರೇ."

ಪಾಲಿಶಣ್ಣ ಬಾಟಲಿಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡು, ಹೊಟ್ಟೆನೋವಿನವನ ಹಾಗೆ ಬಗ್ಗಿ ನಡೆದ. ಅರಗು ಕಲಸಿ ಕುರ್ಚಿಯ ಕೈಗೆ ಒಂದು ಸಲ ಉಜ್ಜಿದ. ಮರ ಹೊಳೆಯಲಿಲ್ಲ, ಬೂಷ್ಟು ಹಿಡಿದಂತೆ ಬೆಳ್ಳಗಾಯಿತು.

"ಇದ್ರಲ್ಲಿ ನೀರಿದೆ," ಎಂದ ಮತ್ತೆ ಕ್ಷೌರಿಕನ ಹತ್ತಿರ ಓಡಿ ಬಂದು, ಅಳುದನಿಯಲ್ಲಿ.

"ನೀರಾ? ಮೇಷ್ಟ್ರ ಮಾಲಲ್ಲಿ?" ಕ್ಷೌರಿಕನಿಗೆ ಅವಮಾನವಾಯಿತು. ಕೈಯಲ್ಲಿದ್ದ ಗಿರಾಕಿಯನ್ನು ಅರ್ಧ ಗಡ್ಡದಲ್ಲೇ ಬಿಟ್ಟು ಮೇಷ್ಟ್ರ ಮನೆಗೆ ಹೋದ.

ಸ್ವಲ್ಪ ಹೊತ್ತಿಗೆ ಮೇಷ್ಟ್ರೇ ಬಂದರು. ಕಂಕುಳಲ್ಲಿ ದಪ್ಪ ಪುಸ್ತಕವೊಂದಿತ್ತು. ಬಿಡಿಸಿದರೆ ನಡುವೆ ಕೊರೆದ ಗುಳಿಯಲ್ಲಿ ಚಪ್ಪಟೆ ಬಾಟಲಿ. "ಹಲ್ಲುನೋವಿಗೆ ಇಟ್ಕೊಂಡದ್ದು," ಎಂದರು ಯಾರೂ ಕೇಳದಿದ್ದರೂ. "ಎಲ್ಲಿ, ನನ್ನ ಕಣ್ಣೆದುರಿಗೇ ಉಜ್ಜು."

ಉಜ್ಜಿದ. ಕುರ್ಚಿಯ ಕಾಲೂ ಬೆಳ್ಳಗಾಯಿತು.

ಮೇಷ್ಟ್ರು ಕನ್ನಡಕ ಏರಿಸಿ, ಬಗ್ಗಿ ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನನ್ನ ಹೆಂಡ್ತಿ ಕೆಲಸ ಇದು. ಇಷ್ಟು ದಿನ ನಾನು ನೀರು ಕುಡಿದು ತೂರಾಡ್ತಿದ್ದೆ," ಎಂದರು.

ಇಷ್ಟಕ್ಕೆ ಮುಗಿದಿದ್ದರೆ ಸರಿಯಿತ್ತು. ಆದರೆ ಕ್ಷೌರಿಕನ ಬಾಯಿ ಊರಿನ ಮೈಕಿನ ಗಾಡಿಗಿಂತ ಜೋರು. "ಪಾಲಿಶಣ್ಣ ಎಂಥ ಪಂಡಿತ ಗೊತ್ತಾ? ಮೂಸಲ್ಲ, ನೆಕ್ಕಲ್ಲ. ಮರಕ್ಕೆ ಉಜ್ಜಿ ಹೇಳ್ತಾನೆ, ಇಷ್ಟು ನೀರು ಅಂತ!" ಮಧ್ಯಾಹ್ನ ಊಟದ ಹೊತ್ತಿಗೆ ಹಿಂಬಾಗಿಲಲ್ಲಿ ಜನ ನಿಂತಿದ್ದರು. ಒಬ್ಬನ ಕೈಯಲ್ಲಿ ಛತ್ರಿ, ಒಬ್ಬನ ಕೈಯಲ್ಲಿ ಬಿಸಿನೀರಿನ ಚೀಲ, ಒಬ್ಬನ ಕೈಯಲ್ಲಿ ಹಾಲಿನ ಕ್ಯಾನು. ಎಲ್ಲದರೊಳಗೂ ಒಂದೊಂದು ಬಾಟಲಿ. ಎಲ್ಲರೂ ಮದ್ಯದಂಗಡಿ ಮುಚ್ಚಿಸುವ ಮೆರವಣಿಗೆಯಲ್ಲಿ ಮುಂದಿನ ಸಾಲಿನಲ್ಲಿ ನಡೆದವರು.

"ಅಣ್ಣಾ, ನಂದೊಂದು ನೋಡಿ ಹೇಳು."

"ಮಾವನ ವಾತಕ್ಕೆ ತಂದಿದ್ದು ಅಣ್ಣ, ನಾನು ಮುಟ್ಟೋದೂ ಇಲ್ಲ."

"ನಿಮ್ಮ ದಮ್ಮಯ್ಯ, ಹೊರಟೋಗ್ರಪ್ಪಾ! ನನ್ನ ಅಂಗಡಿ ಹೋಗುತ್ತೆ!" ಎಂದು ಪಾಲಿಶಣ್ಣ ಎಲ್ಲರಿಗೂ ಕೈಮುಗಿಯುತ್ತಿದ್ದ. ಆದರೂ ಯಾವುದಾದರೊಂದು ಶುದ್ಧ ಸಿಕ್ಕೀತೆಂಬ ಆಸೆಗೆ ಉಜ್ಜಿ ಉಜ್ಜಿ ನೋಡಿದ. ಎಲ್ಲದರಲ್ಲೂ ನೀರು. ಕುರ್ಚಿಗೆ ಮೈತುಂಬ ಬಿಳಿ ಮಚ್ಚೆ.

ಅಷ್ಟರಲ್ಲಿ ಬೀದಿಯಲ್ಲಿ ಬೂಟಿನ ಸದ್ದು.

"ಮೂಗು ಬಂತು!" ಎಂದು ಯಾರೋ ಉಸುರಿದರು.

ಮೂಗು ಎಂದರೆ ಆ ಬೀದಿಯ ಪೊಲೀಸ್ ಪೇದೆ. ಕುಡಿದು ಮೂರು ದಿನವಾದವನನ್ನೂ ಮೂಸಿ ಹಿಡಿಯುತ್ತಾನೆಂದು ಹೆಸರು. ಬಂದಿದ್ದವರೆಲ್ಲ ಬಾಟಲಿಗಳನ್ನು ಅಲ್ಲಲ್ಲೇ ಬಿಟ್ಟು ಹಿತ್ತಲ ಗೋಡೆ ಹಾರಿದರು. ಮೇಷ್ಟ್ರು ಹಾರಿದ್ದನ್ನು ನೋಡಿದವರು ಅವರ ಮಂಡಿನೋವನ್ನು ಆಮೇಲೆ ನಂಬಲಿಲ್ಲ. ಪಾಲಿಶಣ್ಣ ಬಾಟಲಿಗಳನ್ನೆಲ್ಲ ಬಾಚಿ ಒಂದು ಮೊಳಕಾಲೆತ್ತರದ ಪೆಟ್ಟಿಗೆಗೆ ತುಂಬಿ ಮೇಲೆ ಹಳೆ ಬಟ್ಟೆ ಎಳೆದ. ಪೇದೆ ಒಳಗೆ ಬಂದು ನೇರವಾಗಿ ಆ ಪೆಟ್ಟಿಗೆಯ ಮೇಲೆಯೇ ಕೂತ. ಒಳಗಿಂದ ಗಾಜು ಕಿಣಿ ಎಂದಿತು.

ಪಾಲಿಶಣ್ಣನ ಕಣ್ಣೆದುರು ಜೈಲಿನ ಕಂಬಿಗಳೇ ಕಾಣತೊಡಗಿದವು. ಅವಕ್ಕೂ ಪಾಲಿಶ್ ಇರಲಿಲ್ಲ.

ಪೇದೆ ಮೂಗರಳಿಸಿದ. ಎಡಕ್ಕೆ ಮೂಸಿದ, ಬಲಕ್ಕೆ ಮೂಸಿದ. "ಗಮ್ಮಂತ ಹೊಡೀತಿದೆ," ಎಂದ.

"ಸ್ವಾಮೀ... ನಂದೇನೂ ತಪ್ಪಿಲ್ಲ..." ಪಾಲಿಶಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ.

"ನಿನ್ನ ತಪ್ಪು ಅಂತ ಯಾರಂದ್ರು? ಈ ವಾಸನೆ ನಿಂದು, ನಿಮ್ಮಪ್ಪಂದು. ಇದು ಬರದೇ ಇದ್ದಿದ್ರೆ ನನಗೆ ಅನುಮಾನ ಬರ್ತಿತ್ತು. ಯಾಕೆ ಹಿಂಗೆ ನಡುಗ್ತೀಯ, ಜ್ವರವಾ? ಮಲಕ್ಕೋ ಹೋಗು." ಪೇದೆ ಎದ್ದು, ಮುಂದಿನ ಬೀದಿಯನ್ನು ಮೂಸಲು ಹೋದ.

ಹಿತ್ತಲ ಗೋಡೆಯ ಮೇಲೆ ಒಂದೊಂದಾಗಿ ತಲೆಗಳು ಎದ್ದವು. "ನೋಡಿದ್ರಾ?" ಎಂದ ಕ್ಷೌರಿಕ ಭಕ್ತಿಯಿಂದ. "ಪೆಟ್ಟಿಗೆ ಮೇಲೇ ಕೂರಿಸ್ಕೊಂಡು ಮಾತಾಡಿಸಿ ಕಳಿಸ್ದ. ನಮ್ಮೂರಲ್ಲಿ ಇಂಥ ಗಂಡಸು ಇರೋದು ಇಷ್ಟು ದಿನ ಗೊತ್ತೇ ಇರಲಿಲ್ಲ."

ಮೂರು ಗಂಟೆಯಾಯಿತು. ಸುಣ್ಣ ಹಚ್ಚಿದಂತಿದ್ದ ಕುರ್ಚಿಯ ಮುಂದೆ ಪಾಲಿಶಣ್ಣ ತಲೆಮೇಲೆ ಕೈಹೊತ್ತು ಕೂತಿದ್ದಾಗ ಹಿಂಬಾಗಿಲು ಮೆಲ್ಲಗೆ ಕಿರುಗುಟ್ಟಿತು. ಅಮ್ಮಾವ್ರ ಯಜಮಾನರು. ಮನೆಯಲ್ಲಿ ಕೆಮ್ಮುವುದಕ್ಕೂ ಹೆಂಡತಿಯ ಮುಖ ನೋಡುವ ಮನುಷ್ಯ. ಸಮಿತಿಯ ಹೆಂಗಸರು ಅಲ್ಲಿ ಇಲ್ಲಿ ಹಿಡಿದ ಸಾರಾಯಿಯನ್ನೆಲ್ಲ ಅವರ ಮನೆಯ ಉಗ್ರಾಣದಲ್ಲೇ ಇಡುತ್ತಿದ್ದದ್ದು. ಕಾವಲು ಈ ಯಜಮಾನರದ್ದು.

ಅವರು ಶಾಲಿನೊಳಗಿಂದ ಒಂದು ಬಾಟಲಿ ತೆಗೆದು ಪಿಸುಗುಟ್ಟಿದರು: "ನೀನು ನೋಡಿ ಹೇಳ್ತೀಯಂತೆ. ಇದು ಹೇಗಿದೆ ಹೇಳಪ್ಪ. ರಾತ್ರಿ ಒಂದು ಗುಟುಕು ಹಾಕಿದ್ದಕ್ಕೆ ಕಿವೀಲಿ ಇನ್ನೂ ಗಂಟೆ ಹೊಡೀತಿದೆ."

ಪಾಲಿಶಣ್ಣ ಎರಡು ಹನಿ ನೆಲಕ್ಕೆ ಚೆಲ್ಲಿ ಕಡ್ಡಿ ಗೀರಿದ. ನೀಲಿಯ ಬೆಂಕಿ ಭಗ್ಗೆಂದು ಎದ್ದು, ನೆಲದಲ್ಲಿ ತೇವವನ್ನೂ ಉಳಿಸದೆ ಆರಿತು. ಒಂದು ಹನಿ ನೀರಿಲ್ಲ! ಅಮ್ಮಾವ್ರ ಉಗ್ರಾಣಕ್ಕೆ ಹೋಗಿ ನೀರು ಬೆರೆಸುವ ಧೈರ್ಯ ಊರಲ್ಲಿ ಯಾರಿಗಿದ್ದೀತು?

"ಯಜಮಾನ್ರೇ, ಇದನ್ನ ನಂಗೆ ಕೊಡಿ. ಕಾಲಿಗೆ ಬೀಳ್ತೀನಿ."

"ಪೂರ್ತೀನಾ?" ಯಜಮಾನರ ಕಣ್ಣು ಹೊರಗೆ ಬಂದವು. "ಹಗಲು ಹೊತ್ತಲ್ಲಿ? ಒಬ್ಬನೇ?"

"ಪೂರ್ತಿ ಬೇಕು. ಕುರ್ಚಿ ಬಹಳ ಕುಡಿಯುತ್ತೆ."

ಯಜಮಾನರಿಗೆ ಈ ಮಾತು ಹೇಗೆ ಅರ್ಥವಾಯಿತೋ, ಬಾಟಲಿ ಕೊಟ್ಟು, ಗೌರವದಿಂದ ಕೈಮುಗಿದು ಹೋದರು.

ಆಮೇಲೆ ಪಾಲಿಶಣ್ಣ ಕೈ ನಿಲ್ಲಿಸಲಿಲ್ಲ. ಬಿಳಿ ಮಚ್ಚೆಯೆಲ್ಲ ಕರಗಿ, ಮರ ಒಳಗಿನಿಂದ ದೀಪ ಹಚ್ಚಿದಂತೆ ಕೆಂಪಗೆ ಹೊಳೆಯಿತು. ಐದಕ್ಕೆ ಸರಿಯಾಗಿ ಇನ್ನೊಬ್ಬನ ಕೈಲಿ ಒಂದು ಕಡೆ ಹಿಡಿಸಿ ಸಭೆಯ ವೇದಿಕೆಯ ಮೇಲೆ ತಂದಿಟ್ಟ. ಅಮ್ಮಾವ್ರು ಬಗ್ಗಿ ನೋಡಿ, "ಮುಖ ಕಾಣುತ್ತೆ," ಎಂದರು. ಅಂಗಡಿ ಉಳಿಯಿತು! ಪಾಲಿಶಣ್ಣ ಅವತ್ತು ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡ. ಎಳೆದುಕೊಂಡದ್ದನ್ನು ಬಿಡಲು ಮರೆತ. ಕುರ್ಚಿಯಿಂದ ಸಾರಾಯಿಯ ವಾಸನೆ ಧಾರೆಯಾಗಿ ಹರಿಯುತ್ತಿತ್ತು.

ಅಧಿಕಾರಿ ಮಾತಾಡಲು ಎದ್ದವರು ನಿಂತು ಮೂಸಿದರು. "ಇಲ್ಲಿ ಯಾರೋ ಕುಡಿದು ಬಂದಿದ್ದಾರೆ."

ಸಭೆಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ಕರವಸ್ತ್ರ ತೆಗೆದು ಬಾಯಿ ಮುಚ್ಚಿಕೊಂಡರು. ತನ್ನದೇ ವಾಸನೆಯೆಂದು ಪ್ರತಿಯೊಬ್ಬನಿಗೂ ಗುಮಾನಿ. ಮೇಷ್ಟ್ರು ಬಾಯಿ ಮುಚ್ಚಿಕೊಂಡೇ ಎದ್ದು, ಅಧ್ಯಕ್ಷಗಿರಿಗೆ ತಾವೂ ಇದ್ದೇವೆ ಎಂದರು. ಖಾಲಿ ಕುರ್ಚಿಯ ಪಕ್ಕ ನಿಂತಿದ್ದ ಅಮ್ಮಾವ್ರು ಸಿಡಿದುಬಿದ್ದರು. ಜಗಳ ಹತ್ತಿತು.

ಅಧಿಕಾರಿ ಮೇಜು ಗುದ್ದಿದರು. "ಇಬ್ಬರೂ ಬೇಡ! ಜನ್ಮದಲ್ಲಿ ಒಂದು ತೊಟ್ಟೂ ಕುಡಿಯದವರು ಈ ಊರಲ್ಲಿ ಯಾರಿದ್ದೀರಿ?"

ಹಿಂದಿನ ಸಾಲಿನಿಂದ ಕ್ಷೌರಿಕ ಕೂಗಿದ: "ಪಾಲಿಶಣ್ಣ!"

ಹಿತ್ತಲ ಗೋಡೆ ಹಾರಿದವರೆಲ್ಲ ಚಪ್ಪಾಳೆ ಹೊಡೆದರು. ನಮ್ಮವನೇ ಅಧ್ಯಕ್ಷನಾದರೆ ಇನ್ನೇನು ಭಯ? ಹೆಂಗಸರೂ ಹೊಡೆದರು, ಅವನು ಕುಡಿದದ್ದನ್ನು ಅವರು ನಿಜವಾಗಿಯೂ ಕಂಡಿರಲಿಲ್ಲ. "ನಾನೂ ಒಪ್ಪಿದೆ," ಎಂದರು ಮೇಷ್ಟ್ರು, ಅಮ್ಮಾವ್ರಿಗೆ ಸಿಗದಿದ್ದರೆ ಸಾಕೆಂದು. "ಇರಲಿ, ನನ್ನ ಬಾಡಿಗೆಯವನು ತಾನೇ," ಎಂದರು ಅಮ್ಮಾವ್ರು, ಮೇಷ್ಟ್ರಿಗೆ ಸಿಗದಿದ್ದರೆ ಸಾಕೆಂದು. ಕೈಹಿಡಿದೆಳೆದು ಅವನನ್ನು ಕುರ್ಚಿಯ ಮೇಲೆ ಕೂರಿಸಿದರು.

"ಬೇಡ ಸ್ವಾಮೀ, ನನ್ನ ಕಸುಬು..." ಎಂದು ಅವನು ಏಳಹೋದ. ಅವಸರದ ಪಾಲಿಶ್, ಸುಡುವ ಸೆಕೆ. ಅಂಟಿಕೊಂಡಿದ್ದ. ಎಷ್ಟು ಒದ್ದಾಡಿದರೂ ಏಳಲಾಗಲಿಲ್ಲ.

"ನೋಡಿ, ಆಗಲೇ ಗಟ್ಟಿಯಾಗಿ ಕೂತಿದ್ದಾರೆ!" ಎಂದು ಅಧಿಕಾರಿ ಮೆಚ್ಚಿ ಮೈಕು ಕೈಗಿತ್ತರು. ತನ್ನ ಕೈ ಇನ್ನು ಒಂದು ಹನಿ ಸ್ಪಿರಿಟ್ಟನ್ನೂ ಮುಟ್ಟದು ಎಂದು ಪಾಲಿಶಣ್ಣ, ಅಧಿಕಾರಿ ಹೇಳಿಕೊಟ್ಟಂತೆ, ಊರೆದುರು ಪ್ರಮಾಣ ಮಾಡಿದ. ಮೂಗು ಅಲ್ಲೇ ನಿಂತು ಕೇಳುತ್ತಿದ್ದ.

"ಸಮಿತಿಗೆ ಒಂದು ಕಚೇರಿ ಬೇಕಲ್ಲ?" ಎಂದರು ಅಧಿಕಾರಿ.

"ಅಧ್ಯಕ್ಷರದ್ದೇ ಮೂಲೆಯಂಗಡಿ ಇದೆಯಲ್ಲ. ಈ ಕುರ್ಚೀನೂ ಅಲ್ಲೇ ಇರ್ಲಿ," ಎಂದರು ಅಮ್ಮಾವ್ರು, ದೊಡ್ಡ ಮನಸ್ಸಿನಿಂದ.

ಬುಧವಾರ ಹೆಂಗಸರು ಬಂದು ಅಂಗಡಿಯನ್ನು ಸೋಪು ಹಾಕಿ ತಿಕ್ಕಿದರು. ಅರಗು, ಹತ್ತಿ, ಡಬ್ಬಿ ಎಲ್ಲವೂ ಬೀದಿಗೆ ಬಂದವು. ಗುರುವಾರ ಇಡೀ ದಿನ ಪಾಲಿಶಣ್ಣ ಕುರ್ಚಿಯ ಮೇಲೆ ಕೈಕಟ್ಟಿ ಕೂತ. ಮುಂಬಾಗಿಲಲ್ಲಿ ಬಂದವರು ನಮಸ್ಕಾರ ಹೇಳಿ ಹೋದರು, ಹಿಂಬಾಗಿಲಲ್ಲಿ ಬಂದವರು ಬಾಟಲಿ ತೋರಿಸಿ ಹೋದರು. ಕೆಲಸ ಕೊಟ್ಟವರು ಯಾರೂ ಇಲ್ಲ.

ಮದ್ಯದಂಗಡಿ ಮುಚ್ಚಿದ್ದರಿಂದ ಕುಡಿಯುತ್ತಿದ್ದವರು ಯಾರೂ ಆ ಊರು ಬಿಡಲಿಲ್ಲ, ಮಾರುತ್ತಿದ್ದವರೂ ಬಿಡಲಿಲ್ಲ. ಬಿಟ್ಟದ್ದು ಒಂದೇ ಸಂಸಾರ, ಅದೂ ಪಾನವಿರೋಧಿ ಸಮಿತಿಯ ಅಧ್ಯಕ್ಷರದ್ದು. ಸ್ಪಿರಿಟ್ಟು ಸಿಗುವ ಊರು ಹುಡುಕಿಕೊಂಡು, ಹೆಂಡತಿಯ ತಲೆಯ ಮೇಲೊಂದು ಗಂಟು, ತನ್ನ ಹೆಗಲಿಗೊಂದು ಚೀಲ ಹೊತ್ತು ಅವನು ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋದ. ಅವತ್ತು ಶುಕ್ರವಾರ.