ಹಲ್ಲಿಗೆ ಹೆದರುವ ಅತ್ತೆಯ ಆಫ್ರಿಕಾ

ನಮ್ಮ ಸೋದರತ್ತೆಯಂಥ ಧೈರ್ಯವಂತೆಯನ್ನು ಪಾಂಡವಪುರ ತಾಲ್ಲೂಕೇ ಕಂಡಿಲ್ಲ ಎಂದು ನಾನು ಹೇಳಿದರೆ, ಮೊದಲು ನಗುವುದು ನಮ್ಮ ಮನೆಯ ಹಲ್ಲಿಗಳು! ಗೋಡೆಯ ಮೇಲೆ ಹಲ್ಲಿಯೊಂದು ಲೊಚಗುಟ್ಟಿದರೆ ಸಾಕು, ಅತ್ತೆ ಸೀರೆಯ ನೆರಿಗೆ ಎತ್ತಿಕೊಂಡು ಮಂಚ ಹತ್ತಿಬಿಡುತ್ತಿದ್ದರು. ಜಿರಳೆಗೆ ಮಂಚವೂ ಸಾಲುತ್ತಿರಲಿಲ್ಲ, ಬೀದಿಗೇ ಓಡುತ್ತಿದ್ದರು. ಇಂಥ ಅತ್ತೆ ತೊಂಬತ್ತರ ದಶಕದ ನಡುವಿನಲ್ಲಿ ಆಫ್ರಿಕಾಕ್ಕೆ ಹೋದರು. ಯಾಕೆ ಗೊತ್ತೇ? ಸಿಂಹ, ಆನೆ, ಚಿರತೆಗಳಿಗೆ ಹೆದರಬೇಡಿ, ಅವುಗಳನ್ನು ಕೊಲ್ಲಬೇಡಿ ಎಂದು ಅಲ್ಲಿಯ ಮಕ್ಕಳಿಗೆ ಪಾಠ ಹೇಳುವುದಕ್ಕೆ!

ಅತ್ತೆ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮದುವೆಯಾಗಿರಲಿಲ್ಲ. ನೋಡಲು ಬಂದ ಗಂಡುಗಳಿಗೆಲ್ಲ ಕಿವಿಯ ಅಳತೆಗೂ ಮೂಗಿನ ಅಳತೆಗೂ ತಾಳೆಯಿಲ್ಲ ಎಂಬುದು ಅವರು ಕೊಟ್ಟ ಕಾರಣ. ಹಾಗಾಗಿ ನಮ್ಮ ಮನೆಯಲ್ಲೇ ಉಳಿದರು. ನಮ್ಮಪ್ಪ ಬಡಗಿ. ತಾಯಿಯಿಲ್ಲದ ತಂಗಿಯನ್ನು ಸಾಕಿ, ಉಳಿ ಹಿಡಿದು ದುಡಿದು ಓದಿಸಿದವರು. ತಂಗಿ ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಬಸ್‌ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದರು.

ಒಮ್ಮೆ ಅತ್ತೆ ಮಕ್ಕಳನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋಗಿ ಕೊಕ್ಕರೆಯ ಚಿತ್ರ ಬರೆಸುತ್ತಿದ್ದಾಗ ವಿದೇಶಿ ಹೆಂಗಸೊಬ್ಬಳು ನೋಡಿ ಮೆಚ್ಚಿಕೊಂಡಳಂತೆ. ಟಾಂಜಾನಿಯಾದ ಹಳ್ಳಿ ಶಾಲೆಗಳಲ್ಲಿ ಚಿತ್ರ ಬರೆದು ಕಾಡುಪ್ರಾಣಿಗಳ ವಿಷಯ ತಿಳಿಸಿಕೊಡಲು ಸ್ವಯಂಸೇವಕರು ಬೇಕು, ಒಂದು ವರ್ಷ ಬರುತ್ತೀಯಾ ಎಂದಳಂತೆ. ಅತ್ತೆ ಹಿಂದೆ ಮುಂದೆ ನೋಡದೆ ಹೂಂ ಅಂದರು. ಶಾಲೆಯವರು ರಜೆಯನ್ನು ಕೇಳುವ ಮೊದಲೇ ಕೊಟ್ಟರು; ಅಷ್ಟು ಬೇಗ ಕೊಟ್ಟಿದ್ದಕ್ಕೆ ಅತ್ತೆಗೆ ಸ್ವಲ್ಪ ಬೇಜಾರೂ ಆಯಿತು. ಸುದ್ದಿಯನ್ನು ಊರಿಗೆಲ್ಲ ಹೇಳಿದವರಿಗೆ ಅಣ್ಣನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ. ಅಪ್ಪನಿಗೆ ಅದು ತಿಳಿದದ್ದು ಕ್ಷೌರದಂಗಡಿಯಲ್ಲಿ, ಅದೂ ಅರ್ಧ ಗಡ್ಡ ಹೆರೆದಿದ್ದಾಗ! ಉಳಿದರ್ಧವನ್ನು ಹಾಗೇ ಹೊತ್ತುಕೊಂಡು ಮನೆಗೆ ಬಂದರು.

"ಊರ್ಗೆಲ್ಲ ಗೊತ್ತು, ನಂಗೊಬ್ಬಂಗೆ ಗೊತ್ತಿಲ್ಲ. ಓಗು ತಾಯಿ, ಓಗು. ಇವತ್ತಿಂದ ನಂಗೂ ನಿಂಗೂ ಮಾತಿಲ್ಲ" ಎಂದರು. ಅರ್ಧ ಗಡ್ಡದ ಆ ಮುಖ ನೋಡಿ ನಗು ಬಂದರೂ ಯಾರೂ ನಗುವಂತಿರಲಿಲ್ಲ.

ಅಲ್ಲಿಂದ ನನ್ನ ಪಾಡು ಶುರುವಾಯಿತು. ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತ ಅಣ್ಣ ತಂಗಿಯ ಮಾತೆಲ್ಲ ನನ್ನ ಮೂಲಕ ಹೋಗಬೇಕು.

"ಅವಳ್ಗೆ ಯೋಳ್ಲಾ, ಸಂಬಳಾನೂ ಇಲ್ದೆ ಉಲಿ ಬಾಯ್ಗೆ ಬೀಳಕ್ಕೆ ಓಗ್ತಾವ್ಳೆ ಅಂತ."

"ನಿಮ್ಮಪ್ಪಂಗೆ ಹೇಳೋ, ಆಫ್ರಿಕಾದ ಕಾಡಲ್ಲಿ ಹುಲೀನೇ ಇಲ್ಲ ಅಂತ."

"ಇಲ್ದೇ ಇರೋದನ್ನ ಅದೇನು ಉಳ್ಸಕ್ಕೆ ಓಗ್ತಾಳಂತೆ ಕೇಳು!"

ಅತ್ತೆ ಎದ್ದು ಕೈ ತೊಳೆದುಕೊಂಡರು. ಪಾತ್ರೆ ಎತ್ತುವಾಗ ನನ್ನ ಕಿವಿಯ ಹತ್ತಿರ, "ಹೋಗೋದ್ರೊಳಗೆ ಅಣ್ಣ ಒಂದು ಮಾತಾಡ್ಸಿದ್ರೆ ಸಾಕು ಕಣೋ. ಬೈದ್ರೂ ಸರಿ" ಎಂದರು.

ಅವ್ವ ಅತ್ತೆಯನ್ನು ಗಂಜಾಂನ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ನಿಮಿಷಾಂಬೆ ಕೇಳಿದ್ದನ್ನು ನಿಮಿಷದಲ್ಲಿ ಕೊಡುವ ತಾಯಿಯಲ್ಲವೇ? ವೀಸಾ ಬರದಿರಲಿ ಎಂದು ಅವ್ವ, ಬರಲಿ ಎಂದು ಅತ್ತೆ, ಇಬ್ಬರೂ ಅಕ್ಕಪಕ್ಕ ನಿಂತು ಕಣ್ಣುಮುಚ್ಚಿ ಕೇಳಿಕೊಂಡರು. ಪಾಪ, ತಾಯಿಯಾದರೂ ಏನು ಮಾಡಿಯಾಳು! ಅದೇ ವಾರ ವೀಸಾ ಬಂತು. ಅವ್ವ ಮುನಿಸಿಕೊಂಡು ಬಹಳ ದಿನ ಗಂಜಾಂ ಕಡೆ ತಲೆ ಹಾಕಲಿಲ್ಲ. ಗೆದ್ದ ಅತ್ತೆಯ ಮುಖವೂ ಸಪ್ಪೆಯಾಗಿತ್ತು. "ವೀಸಾ ಕೇಳ್ಕೊಳ್ಳೋ ಬದ್ಲು ಅಣ್ಣನ ಮಾತು ಕೇಳ್ಕೋಬೇಕಿತ್ತು" ಎಂದರು.

ಅತ್ತೆ ಹೊರಟ ದಿನ ಅಪ್ಪ ತಮ್ಮ ಮರಗೆಲಸದ ಕೊಟ್ಟಿಗೆಯಿಂದ ಆಚೆ ಬರಲಿಲ್ಲ. ಯಾರದೋ ಬಾಗಿಲಿಗೆಂದು ತಂದ ಹಲಗೆಯನ್ನು ಉಜ್ಜುಗೊರಡಿನಿಂದ ಉಜ್ಜಿದರು, ಉಜ್ಜಿದರು, ಅದು ಹಪ್ಪಳವಾಗುವ ತನಕ ಉಜ್ಜಿದರು! ಬಾಗಿಲು ಮಾಡಿಸಲು ಕೊಟ್ಟವರಿಗೆ ಕೊನೆಗೆ ಬೇರೆ ಮರ ತಂದುಕೊಡಬೇಕಾಯಿತು.

ಇನ್ನು ಆಫ್ರಿಕಾದ ಕಥೆ, ಅತ್ತೆಯೇ ಹೇಳಿದ್ದು. ಇವರ ಇಂಗ್ಲಿಷನ್ನು ಅಲ್ಲಿಯ ಮೇಷ್ಟ್ರೊಬ್ಬರು ಮಕ್ಕಳ ಭಾಷೆಗೆ ತಿರುಗಿಸುತ್ತಿದ್ದರಂತೆ. ಮೊದಲ ದಿನವೇ ಅತ್ತೆ ಬೋರ್ಡಿನ ಮೇಲೆ ಒಂದು ಆನೆ ಬರೆದರು. ನಮ್ಮ ಕಡೆಯವರಿಗೆ ಆನೆ ಎಂದರೆ ದಸರಾ ಆನೆ ತಾನೆ? ಹಣೆಗೆ ಚಿತ್ತಾರ, ಕೊರಳಿಗೆ ಗಂಟೆ, ಕಾಲಿಗೆ ಗೆಜ್ಜೆ, ಬೆನ್ನಿಗೆ ಜರತಾರಿ ಬಟ್ಟೆ, ಅದರ ಮೇಲೊಂದು ಅಂಬಾರಿ! ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು.

"ಟೀಚರ್, ಇದಕ್ಕೆ ಮದುವೆಯಾ?" ಎಂದು ಒಂದು ಮಗು ಕೇಳಿತು.

"ಇದರ ಕಿವಿ ಯಾರು ಕತ್ತರಿಸಿದ್ದು?" ಎಂದಿತು ಇನ್ನೊಂದು. ಅಲ್ಲಿಯ ಆನೆಗಳಿಗೆ ಮೊರದಗಲ ಕಿವಿಯಂತೆ. ಕಿವಿಯ ಅಳತೆ ಸರಿಯಿಲ್ಲವೆಂದು ಗಂಡುಗಳನ್ನೆಲ್ಲ ವಾಪಸ್ಸು ಕಳಿಸಿದ ನಮ್ಮ ಅತ್ತೆ ಕೊನೆಗೆ ಸಿಕ್ಕಿಬಿದ್ದದ್ದು ಕಿವಿಯಲ್ಲೇ! ಎಲ್ಲರೂ ನಗುತ್ತಿರುವಾಗ ಒಂದು ಹುಡುಗಿ ಎದ್ದು, "ನಮ್ಮೂರಿನ ಆನೆ ಬರಿಮೈಯಲ್ಲೇ ಬಂದು ನಮ್ಮ ಮುಸುಕಿನ ಜೋಳವನ್ನೆಲ್ಲ ತಿಂದುಹೋಯಿತು" ಎಂದಳಂತೆ. ಅತ್ತೆ ಸೀಮೆಸುಣ್ಣ ಕೆಳಗಿಟ್ಟರು. ಅವತ್ತು ಅವರು ಪಾಠ ಹೇಳಲಿಲ್ಲ, ಮಕ್ಕಳು ಹೇಳಿದ್ದನ್ನೇ ಕೇಳಿಸಿಕೊಂಡರು.

ಮುಂದಿನ ವಾರ, "ಯಾವ ಪ್ರಾಣಿಗೂ ಸುಮ್ಮಸುಮ್ಮನೆ ಹೆದರಬಾರದು" ಎಂದು ಶುರು ಮಾಡಿದ್ದಾರೆ, ಸೂರಿನಿಂದ ಹಲ್ಲಿಯೊಂದು ಮೇಜಿನ ಮೇಲೆ ಬಿದ್ದಿತು. ಅತ್ತೆ ಒಂದೇ ನೆಗೆತಕ್ಕೆ ಕುರ್ಚಿಯ ಮೇಲೆ! ಆ ಕಿರುಚಾಟವನ್ನು ಮಾತ್ರ ಮೇಷ್ಟ್ರು ಅನುವಾದ ಮಾಡಬೇಕಾಗಲಿಲ್ಲ. ಜೋಳದ ಮನೆಯ ಹುಡುಗಿಯೇ ಹಲ್ಲಿಯನ್ನು ಅಂಗೈಯಲ್ಲಿ ಎತ್ತಿಕೊಂಡು ಹೋಗಿ ಹೊರಗೆ ಬಿಟ್ಟು, "ಹೆದರಬೇಡಿ ಟೀಚರ್, ಅದೂ ಬದುಕಲಿ" ಎಂದಳಂತೆ. ಅಲ್ಲಿಗೆ ಪಾಠ ಮುಗಿಯಿತು. ಮಾರನೆಯ ದಿನದಿಂದ ಕ್ಲಾಸಿನಲ್ಲಿ ಕೂರಲು ಜಾಗವಿರುತ್ತಿರಲಿಲ್ಲವಂತೆ.

ವರ್ಷ ಕಳೆದು ಅತ್ತೆ ವಾಪಸ್ಸು ಬಂದರು. ಅಪ್ಪ ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿ, "ಸೊರಗೋಗವ್ಳೆ ಅಂತ ಯೋಳು" ಎಂದು ನನಗೆ ಹೇಳಿ ಕೊಟ್ಟಿಗೆಗೆ ಹೋದರು. ಅತ್ತೆ ಜಗುಲಿಯ ಮೇಲೆ ಬೀದಿಯವರನ್ನೆಲ್ಲ ಕೂರಿಸಿಕೊಂಡು ಕಥೆ ಹೇಳುವಾಗ ಕೊಟ್ಟಿಗೆಯಲ್ಲಿ ಉಜ್ಜುಗೊರಡಿನ ಸದ್ದು ಆಗಾಗ ನಿಲ್ಲುತ್ತಿತ್ತು. ಅಲ್ಲಿ ಮಲೇರಿಯಾ ಬಂದು ಮಲಗಿದ್ದನ್ನು ಹೇಳಿದಾಗಲಂತೂ, ಕಥೆ ಮತ್ತೆ ಆನೆಗಳ ಕಡೆಗೆ ತಿರುಗಿದ ಮೇಲೂ ಬಹಳ ಹೊತ್ತು ಆ ಸದ್ದು ಕೇಳಿಸಲಿಲ್ಲ.

ಸ್ವಲ್ಪ ದಿನಕ್ಕೆ ಸಂತೆಬಾಚಹಳ್ಳಿಯ ಶಾಲೆಯೊಂದರಲ್ಲಿ ಅತ್ತೆಯ ಭಾಷಣವಿಟ್ಟರು. ನಾನೂ ಅತ್ತೆಯೂ ಬಸ್ಸು ಹತ್ತಿದರೆ ಹಿಂದಿನ ಸೀಟಿನಲ್ಲಿ ಅಪ್ಪ! "ಮರ ನೋಡಕ್ಕೆ ಬತ್ತಾವ್ನಿ ಕಣ್ಲಾ, ನೀನೇನು ಅಂಗೆ ನೋಡ್ತೀಯ?" ಎಂದರು. ಮರ ನೋಡಲು ಬಂದವರು ಶಾಲೆಯ ಕೊನೆಯ ಬೆಂಚಿನಲ್ಲಿ ಕುಳಿತರು.

ಅತ್ತೆ ತಾವೇ ಬರೆದ ಚಿತ್ರಗಳನ್ನು ಒಂದೊಂದಾಗಿ ಹಿಡಿದು ಶಾಲೆಯ ಭಾಷೆಯಲ್ಲಿ ಚೊಕ್ಕಟವಾಗಿ ಮಾತಾಡಿದರು. ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ರೈತರೊಬ್ಬರು ಎದ್ದು, "ನಮ್ಮ ಕಬ್ಬಿಗೆ ಕಾಡಂದಿ ಬೀಳ್ತಾವೆ ಕಣವ್ವ, ಅವುಕ್ಕೂ ಚಿತ್ರ ಬರ್ದು ತೋರುಸ್ಬೇಕಾ?" ಎಂದಾಗ ಶಾಲೆಯೆಲ್ಲ ನಕ್ಕಿತು. ಅತ್ತೆಯೂ ನಕ್ಕರು. ಆಗ ಅಪ್ಪ ಎದ್ದು ನಿಂತರು. ಹತ್ತು ಜನರ ಎದುರಿಗೇ ಬೈಯುತ್ತಾರೆ ಎಂದುಕೊಂಡೆ.

"ಅಲ್ಲಿ ಜ್ವರ ಬಂದು ಮನ್ಗಿದ್ಯಲ್ಲ..." ಎಂದು ನಿಲ್ಲಿಸಿ, ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡರು. "ನಿನ್ನ ಯಾರವ್ವ ನೋಡ್ಕೊಂಡ್ರು?"

ಅತ್ತೆಯ ಶಾಲೆಯ ಭಾಷೆ ಎಲ್ಲಿ ಹೋಯಿತೋ!

"ಜ್ವರದಲ್ಲಿ ಅಣ್ಣ ಅಣ್ಣ ಅಂತ ಕೂಗ್ತಿದ್ನಂತೆ. ನೋಡ್ಕೊತಿದ್ದ ಮೇಷ್ಟ್ರ ಮನೆಯೋರು ಅದ್ಯಾರು ಅಂತ ಕೇಳುದ್ರು. ನಮ್ಮನೇಲವ್ನೆ, ನನ್ ಕುಟ್ಟೆ ಮಾತು ಬುಟ್ಟವ್ನೆ ಅಂದೆ."

"ಮಾತು ಬುಟ್ಟಿದ್ದೆ ಕಣವ್ವ" ಎಂದರು ಅಪ್ಪ. "ನಿನ್ನ ಬುಟ್ಟಿದ್ನಾ?"

ಅಷ್ಟು ಹೇಳಿ ಟವೆಲಿನಲ್ಲಿ ಮುಖ ಒರೆಸಿಕೊಂಡು ಕುಳಿತರು. ಅತ್ತೆ ಮುಂದಿನ ಚಿತ್ರವನ್ನು ಎತ್ತಿ ತೋರಿಸಿದರು. ಅದನ್ನು ತಲೆಕೆಳಗಾಗಿ ಹಿಡಿದಿದ್ದರು. ಒಬ್ಬರೂ ನಗಲಿಲ್ಲ.