ಅಕ್ಕಿ ಚೀಲ ಕಲಿಸಿದ ಬಾಸ್ಕೆಟ್‌ಬಾಲ್

ನಾನು ದೊಡ್ಡ ಕ್ರೀಡಾಭಿಮಾನಿ ಎಂದು ನಂಬಿರುವವರು ಗಂಗಾವತಿಯಲ್ಲಿ ಈಗಲೂ ಇದ್ದಾರೆ. ಅವರ ಮನಸ್ಸು ನೋಯಿಸಲು ನನಗಿಷ್ಟವಿಲ್ಲ. ನಿಮ್ಮೆದುರು ಮಾತ್ರ ನಿಜ ಹೇಳುತ್ತೇನೆ. ಬಾಸ್ಕೆಟ್‌ಬಾಲ್ ಎಂದರೆ ನನಗೆ ಆಕಳಿಕೆ. ತಳವಿಲ್ಲದ ಬುಟ್ಟಿಗೆ ಚೆಂಡು ಹಾಕುವುದು, ಅದು ಕೆಳಗೆ ಬೀಳುವುದು, ಮತ್ತೆ ಎತ್ತಿ ಹಾಕುವುದು. ಇದೆಂಥ ಉದ್ಯೋಗ! ನನ್ನ ಹೆಂಡತಿಯ ತಮ್ಮ ಬಸು ಗಂಗಾವತಿ ಕಾಲೇಜಿನ ತಂಡದಲ್ಲಿದ್ದ. ಎರಡು ವರ್ಷ ಪಂದ್ಯಕ್ಕೆ ಕರೆದ. ಎರಡು ವರ್ಷವೂ ನನಗೆ ಸರಿಯಾಗಿ ಅದೇ ದಿನ ತಲೆನೋವು ಬಂತು.

ಎಂಬತ್ತರ ದಶಕದ ಮಾತು. ಆ ವರ್ಷ ಕಾಲೇಜುಗಳ ಪಂದ್ಯಾವಳಿ ನಮ್ಮೂರಿನಲ್ಲೇ ನಡೆಯಿತು. ನಮ್ಮ ಕಚೇರಿಯ ಹೆಡ್ ಕ್ಲರ್ಕ್ ಖಾದರ್ ಸಾಹೇಬರು, "ಆರು ಟೀಮ್ ಅದಾವು, ನಾವೂ ಆರು ಮಂದಿ ಅದೀವಿ. ಶರ್ತು ಆಗೇ ಬಿಡ್ಲಿ" ಎಂದು ತಂಡಗಳ ಹೆಸರಿನ ಚೀಟಿಗಳನ್ನು ಊಟದ ಡಬ್ಬಿಗೆ ಹಾಕಿ ಕುಲುಕಿದರು. ಯಾರ ಚೀಟಿಯ ತಂಡ ಗೆಲ್ಲುತ್ತದೋ ಅವರಿಗೆ ಉಳಿದ ಐವರೂ ಸೇರಿ ನವಲಿಯ ಹೊಸ ಅಕ್ಕಿ ಒಂದು ಚೀಲ ಕೊಡಿಸಬೇಕು. ನನಗೆ ಕುಷ್ಟಗಿ ಬಂತು. "ಅಯ್ಯೋ ಪಾಪ" ಎಂದರು ಎಲ್ಲರೂ.

ಅಷ್ಟೇ ನೋಡಿ, ಕುಷ್ಟಗಿಯ ಹುಡುಗರು ನನ್ನ ಹೊಟ್ಟೆಯಲ್ಲಿ ಹುಟ್ಟಿದವರಂತಾಗಿಬಿಟ್ಟರು. ಬೆಳಿಗ್ಗೆ ಆರಕ್ಕೇ ಮೈದಾನದಲ್ಲಿ ಹಾಜರು. ಅವರ ತಂಡದ ಎತ್ತರದ ಹುಡುಗನಿಗೆ ನೆಗಡಿಯಾದರೆ ನನಗೆ ಊಟ ಸೇರಲಿಲ್ಲ. ಕಷಾಯ ಮಾಡಿಸಿ ಒಯ್ದುಕೊಟ್ಟೆ. ಫೌಲ್ ಎಂದರೇನೆಂದು ಕಲಿತೆ, ಮರುದಿನ ರೆಫರಿಗೆ ಕಲಿಸಲು ಹೋಗಿ ಬೈಸಿಕೊಂಡೆ. ಇತ್ತ ನನ್ನ ಹೆಂಡತಿ, "ನಮ್ಮ ಬಸೂನ ಮ್ಯಾಲೆ ಇವರಿಗೆ ಎಷ್ಟ್ ಜೀವ ಐತಿ ನೋಡವ್ವಾ, ದಿನಾ ಮೈದಾನಕ್ಕ ಹೋಗ್ತಾರ" ಎಂದು ತನ್ನ ತಾಯಿಯ ಮುಂದೆ ಹೊಗಳಿದಳು. ನಾನು ಚಪ್ಪಲಿ ಮೆಟ್ಟಿ ಮತ್ತೆ ಮೈದಾನಕ್ಕೆ ಹೊರಟೆ.

ಕೊಪ್ಪಳವನ್ನೂ ಯಲಬುರ್ಗಾವನ್ನೂ ಸೋಲಿಸಿ ಕುಷ್ಟಗಿ ಫೈನಲ್ ಮುಟ್ಟಿತು. ಎದುರಿಗೆ ಗಂಗಾವತಿ. ಅಂದು ಗೆಲ್ಲಿಸಿದರೆ ಬಸುವಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗ ಎಂದು ಮಾತಾಗಿತ್ತು. ಅತ್ತೆಯವರು ಬೆಳಗಿನಿಂದ ಉಪವಾಸ. ಕೊನೆಯ ಗಳಿಗೆಯಲ್ಲಿ ಕುಷ್ಟಗಿ ಒಂದೇ ಅಂಕ ಮುಂದಿತ್ತು, ಬಸುವಿಗೆ ಒಂದೊಂದು ಅಂಕದ ಎರಡು ಫ್ರೀ ಥ್ರೋ ಸಿಕ್ಕವು. ಒಂದು ಕಡೆ ಅವನ ಭವಿಷ್ಯ, ಇನ್ನೊಂದು ಕಡೆ ನನ್ನ ಅಕ್ಕಿ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಎದ್ದು ನಿಂತು, ಕಣ್ಣು ಮುಚ್ಚಿ, ಕೈಮುಗಿದು, "ಹನುಮಪ್ಪಾ, ಎರಡೂ ತಪ್ಪಲಿ" ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಎರಡೂ ಬುಟ್ಟಿಗೇ ಬಿದ್ದವು. ಊರೇ ಕುಣಿಯಿತು. ನನ್ನ ಕಣ್ಣಲ್ಲಿ ನೀರು ಬಂತು. ಬಸು ಓಡಿಬಂದು ಕಾಲಿಗೆ ಬಿದ್ದ. "ಮಾವಾ, ನೀವು ಕೈ ಮುಗುದು ನಿಂತಿದ್ದು ನೋಡಿದ್ನಿರಿ. ಅದನ್ನ ನೋಡೇ ನನಗ ಧೈರ್ಯ ಬಂತು!" ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಅಳಿಯ ಅಂದ್ರ ಹಿಂಗಿರಬೇಕು" ಎಂದರು. ನಾನು ಬಸುವಿನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ.

ಬಸು ಆಯ್ಕೆಯಾದ. ಗುಲ್ಬರ್ಗಾದಲ್ಲಿ ಮೊದಲ ಪಂದ್ಯ. "ನೀವು ಬಂದು ಹಂಗ ಕೈ ಮುಗೀಬೇಕ್ರಿ ಮಾವಾ" ಎಂದು ಹಟ ಹಿಡಿದು ಕರೆದೊಯ್ದ. ಈ ಸಲ ಮನಸಾರೆ ಅವನ ಗೆಲುವನ್ನೇ ಬಯಸಿದೆ, ದೇವರಾಣೆ. ಮುಂದಿನ ಸಾಲಿನಲ್ಲಿ ಕುಳಿತು ಕೈಮುಗಿದು ಕಣ್ಣು ಮುಚ್ಚಿದೆ. ಆದರೆ ಜೇಬಿನಲ್ಲಿ ಯಾರ ಚೀಟಿಯೂ ಇರಲಿಲ್ಲವಲ್ಲ! ಹಳೆಯ ಆಕಳಿಕೆ ಮರಳಿ ಬಂತು. ಎಷ್ಟು ಹೊತ್ತಾಗಿತ್ತೋ, ಬಸು ನನ್ನ ಭುಜ ಹಿಡಿದು ಅಲುಗಿಸುತ್ತಿದ್ದ: "ಸಾಕ್ರಿ ಮಾವಾ, ಗೆದ್ದು ಭಾಳ ಹೊತ್ತಾತು. ಇನ್ನರ ಕಣ್ಣು ತೆಗೀರಿ!"