ಬಾವಿ ಎಲ್ಲಿ ಬೇಕು, ಕೈ ಎತ್ತಿ

‘ಜನರನ್ನು ಕೇಳಿ ಕೆಲಸ ಮಾಡಿ’ ಅಂತ ಮೇಲಿನಿಂದ ಹುಕುಂ ಬಂತೆಂದರೆ ಏನಾದರೊಂದು ಎಡವಟ್ಟು ಗ್ಯಾರಂಟಿ. ಅರವತ್ತರ ದಶಕದಲ್ಲಿ ನಾನು ಪಿರಿಯಾಪಟ್ಟಣದ ಕಡೆ ಗ್ರಾಮಸೇವಕನಾಗಿದ್ದೆ. ಬೆಟ್ಟದಪುರದ ಆಚೆಯ ಒಂದು ಹಳ್ಳಿಗೆ ಸರ್ಕಾರಿ ಬಾವಿ ಮಂಜೂರಾಯಿತು. ಪಂಚಾಯ್ತಿ ಅಧ್ಯಕ್ಷರ ಮನೆ ಮುಂದೆಯೋ, ಕೆಳಗಿನ ಕೇರಿಯಲ್ಲೋ? ಜನ ಒಪ್ಪಿದ ಜಾಗವನ್ನು ಆ ತಿಂಗಳೊಳಗೆ ತಿಳಿಸದಿದ್ದರೆ ಬಾವಿ ಪಕ್ಕದೂರಿನ ಪಾಲು. ದೂರದ ಕೆರೆಯಿಂದ ನೀರು ಹೊತ್ತು ಅಲ್ಲಿಯ ಹೆಂಗಸರ ಸೊಂಟ ಬಿದ್ದುಹೋಗಿತ್ತು.

ಮೊದಲ ಸಭೆ

ಮೈಸೂರಿನಿಂದ ಹೊಸದಾಗಿ ಬಂದ ಸಾಹೇಬರು ಅರಳಿಕಟ್ಟೆಯ ಮೇಲೆ ನಿಂತು, “ಅಧ್ಯಕ್ಷರ ಮನೆ ಮುಂದೆ ಬೇಕು ಅನ್ನೋರು ಕೈ ಎತ್ತಿ” ಎಂದರು. ಎಲ್ಲರ ಕೈ ಮೇಲೆ. “ಕೆಳಗಿನ ಕೇರಿಯಲ್ಲಿ ಬೇಕು ಅನ್ನೋರು?” ಮತ್ತೆ ಎಲ್ಲರ ಕೈ ಮೇಲೆ.

“ಎರಡಕ್ಕೂ ಎತ್ತಿದಿರಲ್ಲ!”

ಒಬ್ಬ ಮುದುಕ ಎದ್ದು, “ಅಷ್ಟು ದೂರದಿಂದ ಬಂದು ಕೇಳ್ತಾ ಇದ್ದೀರಿ ಸ್ವಾಮಿ, ಇಲ್ಲ ಅಂದ್ರೆ ನೊಂದ್ಕಳಲ್ವಾ?” ಎಂದ.

ಸಾಹೇಬರಿಗೆ ರೇಗಿತು. “ಹಾಗಾದರೆ ಬಾವಿಯೇ ಬೇಡ ಅನ್ನೋರು?”

ಎಲ್ಲರ ಕೈ ಮೇಲೆ. ನೋಡಿದರೆ ನನ್ನದೂ!

ಎರಡನೆಯ ಸಭೆ

ಹೊಗೆಸೊಪ್ಪು ಹದ ಮಾಡುವ ಕಾಲ. ಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆ ಬಿಟ್ಟು ಯಾರೂ ಬರಲಿಲ್ಲ. “ಜನ ಬರದಿದ್ದರೆ ನಾವೇ ಹೋಗೋಣ” ಎಂದು ಸಾಹೇಬರು ಒಂದು ಬ್ಯಾರನ್ನಿಗೆ ಹೊರಟರು. ಅದರ ಒಡೆಯನಿಗೆ ಬಲು ಖುಷಿ.

“ಎಲ್ಲಾರ್ನೂ ಕರ್ಕಂಬತ್ತೀನಿ ಸ್ವಾಮಿ. ಅಲ್ಲೀಗಂಟ ವಸಿ ಸೌದೆ ನೂಕ್ತಿರಿ.”

ಹೋದವನು ಉಂಡು, ಒಂದು ನಿದ್ದೆ ತೆಗೆದು ಸಂಜೆಗೆ ಬಂದ. ಒಬ್ಬನೇ. ಮುಖವೆಲ್ಲ ಮಸಿಯಾಗಿದ್ದ ಸಾಹೇಬರು ಪೆನ್ನು ತೆಗೆದು, “ನಿನ್ನ ಅಭಿಪ್ರಾಯವನ್ನಾದರೂ ಹೇಳಪ್ಪ” ಎಂದರು.

ಅವನು ಒಲೆಯೊಳಗೆ ಬಗ್ಗಿ ನೋಡಿ, “ಉರಿ ಜಾಸ್ತಿ ಮಾಡ್ಬುಟ್ರಿ ಕಣ್ರೀ” ಎಂದ.

ಕೊನೆಯ ಸಭೆ

ತಿಂಗಳು ಮುಗಿಯುತ್ತ ಬಂತು. ಅಧ್ಯಕ್ಷರು ತಮ್ಮ ಜಗಲಿಯಲ್ಲೇ ಸಭೆ ಇಟ್ಟು, ಬಂದ ಗಂಡಸರಿಗೆಲ್ಲ ಮುದ್ದೆ, ಕೋಳಿ ಸಾರು ಹಾಕಿಸಿದರು. ಅವರ ಮನೆ ಊಟ ಉಂಡಮೇಲೆ ಇನ್ನೇನು, ಬಾವಿ ಅವರ ಮನೆ ಮುಂದೆ ಅಂತ ಒಮ್ಮತ.

“ಹೆಂಗಸರನ್ನು ಕೇಳಬೇಡವೆ?” ಎಂದರು ಸಾಹೇಬರು.

“ಅವ್ರು ನೀರಿಗೋಗವ್ರೆ. ಅವ್ರದ್ನೂ ನಾವೇ ಯೋಳ್ತೀವಿ ಬುಡಿ” ಎಂದರು ಅಧ್ಯಕ್ಷರು.

ಸಾಹೇಬರು ಬರೆಯಲು ಹೊರಟರು. ಅಷ್ಟರಲ್ಲಿ ಸಾರಿನ ಖಾರ ನೆತ್ತಿಗೇರಿತು. ಎಲ್ಲರಿಗೂ ಕಣ್ಣಲ್ಲಿ ನೀರು, ಮನೆಯಲ್ಲಿ ಮಾತ್ರ ತೊಟ್ಟೂ ಇಲ್ಲ. ಊರೆಲ್ಲ ಹುಡುಕಿದರೂ ಬರೀ ಖಾಲಿ ಹಂಡೆ.

ಕೊನೆಗೂ ಹೆಂಗಸರು ಬಂದರು. ಮುಂದೆ ಅಧ್ಯಕ್ಷರ ಹೆಂಡತಿ, ಸೊಂಟದಲ್ಲಿ ತುಂಬಿದ ಬಿಂದಿಗೆ. ಸಾಹೇಬರು ಬೊಗಸೆ ಚಾಚಿದರು. ಆಕೆ ಬಿಂದಿಗೆ ಇಳಿಸಿ ಅದರ ಬಾಯಿಗೆ ಕೈ ಅಡ್ಡ ಇಟ್ಟರು.

“ಬಾವಿ ಎಲ್ಲಿಗೆ ಬರೆದ್ರಿ ಸ್ವಾಮಿ?”

“ನಿಮ್ಮ ಮನೆ ಮುಂದೆಯೇ ತಾಯಿ.”

“ಬ್ಯಾಡಿ. ಇವ್ರು ಜಗಲೀಲಿ ಕುಂತು ಮೀಸೆ ತಿರುವ್ತಿದ್ರೆ ಯಾವ ಹೆಂಗ್ಸು ಬಿಂದಿಗೆ ತತ್ತಾಳೆ? ಕೆಳಗಿನ ಕೇರಿಗೆ ಬರೀರಿ.”

“ಬರೀತೀನಮ್ಮ, ಮೊದಲು ನೀರು! ಸಾರು ಭಾರೀ ಖಾರ!”

“ಗೊತ್ತು ಸ್ವಾಮಿ, ನಾನೇ ಮಾಡಿದ್ದು.”

ಸಾಹೇಬರು ಬರೆದರು, ನೀರು ಸಿಕ್ಕಿತು. ಉಳಿದವರು ನಾಲಿಗೆ ಚಾಚಿಕೊಂಡು ನೋಡುತ್ತಿದ್ದರು. ಆಕೆ ಅವರತ್ತ ತಿರುಗಿ, “ಕೆಳಗಿನ ಕೇರಿಗೆ ಅನ್ನೋರು ಕೈ ಎತ್ರಿ” ಎಂದರು.

ಎಲ್ಲರಿಗಿಂತ ಮೊದಲು ಎದ್ದದ್ದು ಅಧ್ಯಕ್ಷರ ಕೈ. ಅದೂ ಒಂದಲ್ಲ, ಎರಡೂ!